‘ಪುಲ್ ದ ವುಲ್ ಓವರ್ ಸಮ್‌ಒನ್ಸ್ ಐಸ್’ ಅಂದರೆ ಏನು? ಇಂಟರ್‌ವ್ಯೂನಲ್ಲಿ ಹೇಗೆ ಬಳಸಬಹುದು?

ಇಂಟರ್‌ವ್ಯೂನಲ್ಲಾ? ಬೇಡ ಮಾರಾಯ್ರೆ. ಒಂದು ಈಮೇಲ್‌ನಲ್ಲಿ ಬಳಸಿಯೇ ನಾನು ಸಾಕಷ್ಟು ಅನುಭವಿಸಿದ್ದೀನಿ.

2011. ಸಾಗರದಲ್ಲಿ ಬಿಕಾಂ ಮುಗಿಸಿ ಬೆಂಗಳೂರಿಗೆ ಬಂದು ನಾಲ್ಕು ತಿಂಗಳಾಗಿತ್ತು. ಇಂಗ್ಲೆಂಡಿನ ಒಂದು ಕಂಪನಿಯ ಲೆಕ್ಕಪತ್ರ ಇಲ್ಲಿಂದ ನೋಡ್ಕೊಳ್ಳೋ ಕೆಲಸ. ಶಿವಮೊಗ್ಗ ಬಸ್‌ಸ್ಟ್ಯಾಂಡಲ್ಲಿ ಕೊಂಡಿದ್ದ ಇಡಿಯಮ್ಸ್ (ಇಂಗ್ಲಿಷ್ ನುಡಿಗಟ್ಟು) ಪುಸ್ತಕ ಬ್ಯಾಗಲ್ಲೇ ಇರ್ತಿತ್ತು. ದಿನಕ್ಕೆ ಐದು ಬಾಯಿಪಾಠ. ಆಚೆ ಕಡೆ ಲೆಕ್ಕ ನೋಡ್ತಿದ್ದ ಹಿರಿಯ ಹೆಂಗಸು ಒಂದಿನ ಬರೆದ್ರು: ‘ಈ ತಿಂಗಳ ಇನ್‌ವಾಯ್ಸ್ ಕಳಿಸೋದು ತಡವಾಗ್ತದೆ, ನಮ್ಮ ಬೆಕ್ಕು ತಿಂದುಬಿಟ್ಟಿದೆ.’ ತಮಾಷೆಗೆ ತಮಾಷೆ ಅಂತ ನಾನು ‘ಯು ಆರ್ ಪುಲ್ಲಿಂಗ್ ದ ವುಲ್ ಓವರ್ ಅವರ್ ಐಸ್!’ ಅಂತ ಬರೆದೆ. ಎರಡೂ ಕಡೆ ಮ್ಯಾನೇಜರ್‌ಗಳಿಗೆ ಸಿಸಿ.

ಟೀಮ್ ಲೀಡ್ ಕ್ಯಾಬಿನ್‌ಗೆ ಕರೆದು ಕೇಳಿದ್ದು ಇಷ್ಟೇ: ‘ಏನಪ್ಪಾ, ಆಯಮ್ಮನ್ನ ಕಳ್ಳಿ ಅಂದ್ಬಿಟ್ಟೆಯಲ್ಲೋ?’

ತಪ್ಪು ಎಲ್ಲಾಯ್ತು ನೋಡಿ. ಪುಸ್ತಕದಲ್ಲಿ ಅರ್ಥ ಅಂತ ಇದ್ದದ್ದು ‘ಫೂಲ್ ಮಾಡು’. ನಮ್ಮ ಬಾಯಲ್ಲಿ ಫೂಲ್ ಮಾಡೋದು ಅಂದ್ರೆ ಏಪ್ರಿಲ್ ಒಂದರ ಆಟ, ಬೇಸರ ಇಲ್ಲದ್ದು. ಇಂಗ್ಲಿಷ್ ಮಾತಲ್ಲಿ ಆ ಹಗುರ ಇಲ್ಲ. ಬೇಕಂತಲೇ ನಿಜ ಮುಚ್ಚಿಟ್ಟು ನಂಬಿಸ್ತಿದ್ದೀರಿ ಅನ್ನೋ ಆರೋಪ ಅದು. ಬಿಲ್ ಬಂದಿಲ್ಲ, ಕೇಳ್ತಿರೋದು ಲೆಕ್ಕದವನು, ಓದ್ತಿರೋರು ಇಬ್ಬರು ಮ್ಯಾನೇಜರ್‌ಗಳು. ಅಂಥ ಕಡೆ ಈ ಮಾತು! ಕೊನೆಗೆ ಹಾಕಿದ್ದ ಆಶ್ಚರ್ಯಚಿಹ್ನೆ ನಗೋ ಥರ ಕಾಣ್ತದೆ ಅಂದ್ಕೊಂಡಿದ್ದೆ, ಕಿರುಚಿದ ಹಾಗೆ ಕಂಡಿತ್ತು. ನಾನು ಹೇಳಬೇಕಿದ್ದದ್ದು ‘ಪುಲ್ಲಿಂಗ್ ಅವರ್ ಲೆಗ್ಸ್’. ನಾವು ಗೆಳೆಯರ ಕಾಲೆಳೀತೀವಲ್ಲ, ಅದೇ. ಎರಡರಲ್ಲೂ ‘ಪುಲ್’ ಇದೆ, ಪುಸ್ತಕದಲ್ಲಿ ಒಂದರ ಕೆಳಗೊಂದು ಇದ್ವು.

ಕ್ಷಮಾಪಣೆ ಬರೆದೆ. ಇನ್‌ವಾಯ್ಸ್ ಮರುದಿನವೇ ಬಂದವು. ಆಯಮ್ಮ ಮತ್ತೆ ಬೆಕ್ಕಿನ ಮಾತು ಎತ್ತಲಿಲ್ಲ. ನನ್ನ ಪ್ರೊಬೇಷನ್ ಮೂರು ತಿಂಗಳು ಮುಂದೆ ಹೋಯ್ತು.

ಅರ್ಥ ಬೇಕಿದ್ರೆ ನಮ್ಮಲ್ಲೇ ಇದೆ: ಕಣ್ಣಿಗೆ ಮಣ್ಣೆರಚೋದು. ಅವರು ಕಣ್ಣಿನ ಮೇಲೆ ‘ವುಲ್’, ಅಂದ್ರೆ ಉಣ್ಣೆ, ಎಳೀತಾರೆ, ನಾವು ಮಣ್ಣೆರಚ್ತೀವಿ. ‘ಟೋಪಿ ಹಾಕೋದು’ ಅಂತ ಕೆಲವರು ಹೇಳ್ತಾರೆ, ನಾನು ಒಪ್ಪಲ್ಲ. ಟೋಪಿ ಅಂದ್ರೆ ದುಡ್ಡು ಹೋಗಿರಬೇಕು. ಇಲ್ಲಿ ನಿಜ ಕಾಣದ ಹಾಗೆ ಮಾಡಿದ್ರೆ ಸಾಕು. ನ್ಯಾಯಾಧೀಶರ ಉಣ್ಣೆಯಂಥ ವಿಗ್ ಕಣ್ಣಿಗೆ ಜಾರಿಸೋದರಿಂದ ಹುಟ್ಟಿದ ಮಾತು ಅಂತ ಕಥೆ ಹೇಳ್ತಾರೆ, ಗಟ್ಟಿ ಪುರಾವೆ ಇಲ್ಲ. ಅಮೆರಿಕದ ಪತ್ರಿಕೆಗಳಲ್ಲಿ 1839ರಲ್ಲೇ ಅಚ್ಚಾಗಿದೆ.

‘ಹೇಗೆ ಬಳಸೋದು’ ಅನ್ನೋ ಪ್ರಶ್ನೆಯನ್ನೇ ಬಿಡಿ. ಇಡಿಯಮ್ ಹಾಕಿದ್ರೆ ಇಂಗ್ಲಿಷ್ ಚೆನ್ನಾಗಿದೆ ಅಂದ್ಕೊಳ್ತಾರೆ ಅನ್ನೋದು ಆ ಬಸ್‌ಸ್ಟ್ಯಾಂಡ್ ಪುಸ್ತಕದವರು ಹಬ್ಬಿಸಿದ್ದು. ಬೇರೆಯವರು ಅಂದಾಗ ನಿಮಗೆ ಗೊತ್ತಾಗಬೇಕು, ಅಷ್ಟೇ. ಅದರಲ್ಲೂ ನಿಮ್ಮ ರೆಸ್ಯೂಮೆ ನೋಡ್ತಾ ಅಂದ್ರೆ.