ಆರ್‌ಜಿಪಿ (ಗಟ್ಟಿ ಕಾಂಟ್ಯಾಕ್ಟ್) ಲೆನ್ಸ್ ಹಾಕಿ ನಾಲ್ಕು ದಿನವಾಯಿತು, ಕಣ್ಣು ಚುಚ್ಚುವುದು ನಿಲ್ಲುತ್ತಾ?

ನಿಲ್ಲುತ್ತದೆ. ದಯವಿಟ್ಟು ನಾಲ್ಕೇ ದಿನಕ್ಕೆ ಕೈಬಿಡಬೇಡಿ.

ಕೆರಟೋಕೋನಸ್ ಇದೆ, ಕಣ್ಣಲ್ಲಿ ರೆಪ್ಪೆಕೂದಲು ಬಿದ್ದ ಹಾಗಾಗುತ್ತದೆ, ಸಾಫ್ಟ್ ಲೆನ್ಸ್‌ಗೆ ಬದಲಾಯಿಸಬಹುದಾ ಅಂತ ಕೇಳಿದ್ದೀರಿ. ನನಗೂ ಅದೇ ತೊಂದರೆ. ಹನ್ನೊಂದು ವರ್ಷದಿಂದ ಆರ್‌ಜಿಪಿಯನ್ನೇ ಹಾಕುತ್ತಿದ್ದೇನೆ.

ಕೆರಟೋಕೋನಸ್ ಇರುವ ನಮ್ಮ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ತೆಳುವಾಗಿ ಮುಂದಕ್ಕೆ ಉಬ್ಬಿರುತ್ತದೆ, ಮೇಲ್ಮೈ ಏರುಪೇರು. ಸಾಮಾನ್ಯ ಸಾಫ್ಟ್ ಲೆನ್ಸ್ ಆ ಏರುಪೇರಿಗೇ ಹೊಂದಿಕೊಂಡು ಕೂರುತ್ತದೆ, ಹಾಗಾಗಿ ನೋಟ ಅಷ್ಟಾಗಿ ತಿದ್ದುವುದಿಲ್ಲ. ಆರ್‌ಜಿಪಿ ಹಾಗಲ್ಲ, ಅದು ತನ್ನ ಆಕಾರ ಬಿಡುವುದಿಲ್ಲ. ಲೆನ್ಸಿಗೂ ಕಾರ್ನಿಯಾಗೂ ನಡುವೆ ಕಣ್ಣೀರು ತುಂಬಿಕೊಂಡು ತಗ್ಗುಗಳನ್ನು ಮುಚ್ಚುತ್ತದೆ. ಮೊದಲ ಸಲ ಹಾಕಿದ ರಾತ್ರಿ ಬೀದಿದೀಪ ನೋಡಿದೆ. ಬಾಲ ಬಾಲವಾಗಿ ಹರಡಿ ಕಾಣುತ್ತಿದ್ದದ್ದು ಒಂದೇ ದೀಪವಾಗಿತ್ತು. ಅಲ್ಲೇ ನಿಂತು ಅತ್ತುಬಿಟ್ಟೆ.

ಈಗ ಚುಚ್ಚುವ ವಿಷಯ. ಲೆನ್ಸ್ ಚಿಕ್ಕದು, ಸುಮಾರು 9-10 ಮಿಲಿಮೀಟರ್ ಅಗಲ. ಮಿಟುಕಿಸಿದಾಗಲೆಲ್ಲ ಮೇಲಿನ ರೆಪ್ಪೆ ಅದರ ಅಂಚನ್ನು ಸವರುತ್ತದೆ. ಚುಚ್ಚುವುದು ಜಾಸ್ತಿ ಅಲ್ಲೇ. ರೆಪ್ಪೆಗೆ ರೂಢಿಯಾಗಲು ಎರಡು ಮೂರು ವಾರ ಬೇಕಾಗಬಹುದು. ಮೊದಲ ದಿನ ಮೂರು ನಾಲ್ಕು ಗಂಟೆ, ಆಮೇಲೆ ದಿನಕ್ಕೆ ಒಂದೆರಡು ಗಂಟೆ ಹೆಚ್ಚಿಸುವುದು ನನಗೆ ಹೇಳಿದ ಲೆಕ್ಕ. ನಿಮ್ಮ ಡಾಕ್ಟರ್ ಬೇರೆ ಹೇಳಿದ್ದರೆ ಅದನ್ನೇ ಪಾಲಿಸಿ. ಚುಚ್ಚುತ್ತದೆ ಅಂತ ಅರ್ಧ ಮಿಟುಕಿಸುವ ಚಾಳಿ ಬೆಳೆಯುತ್ತದೆ, ಅದಕ್ಕೆ ಬಿಡಬೇಡಿ. ಪೂರ್ತಿ ಮಿಟುಕಿಸದಿದ್ದರೆ ಕಣ್ಣು ಒಣಗುತ್ತದೆ. ನಡುವೆ ವಾರಗಟ್ಟಲೆ ನಿಲ್ಲಿಸಿದರೆ ಮತ್ತೆ ಮೊದಲಿಂದ ರೂಢಿ ಮಾಡಿಕೊಳ್ಳಬೇಕು.

ಆದರೆ ಕಿರಿಕಿರಿ ಬೇರೆ, ನೋವು ಬೇರೆ. ಕಣ್ಣು ಕೆಂಪಾಗಿ ನೋಯುತ್ತಿದ್ದರೆ, ಬೆಳಕು ನೋಡಲು ಆಗದಿದ್ದರೆ, ದೃಷ್ಟಿ ಮಂಜಾದರೆ ಲೆನ್ಸ್ ತೆಗೆದು ಅದೇ ದಿನ ತೋರಿಸಿ. ಕಾಯಬೇಡಿ.

ತೊಳೆಯುವುದು ಕಷ್ಟವೇನಲ್ಲ. ಕೈಯನ್ನು ಸೋಪಿನಿಂದ ತೊಳೆದು, ನಾರು ಬಿಡದ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಲೆನ್ಸನ್ನು ಅಂಗೈಯಲ್ಲಿಟ್ಟು ಕ್ಲೀನರ್ ಹಾಕಿ ಬೆರಳ ತುದಿಯಿಂದ ಮೆಲ್ಲಗೆ ಉಜ್ಜಿ. ನಾನು ಕಿರುಬೆರಳು ಬಳಸುತ್ತೇನೆ, ಅದರ ಒತ್ತಡ ಕಡಿಮೆ. ಎರಡು ಬೆರಳ ನಡುವೆ ಹಿಡಿದು ಹಿಂಡಬೇಡಿ, ಬಾಗುತ್ತದೆ, ಸೀಳಲೂಬಹುದು. ಸಿಂಕಿನ ತೂತು ಮೊದಲೇ ಮುಚ್ಚಿ. ಸೊಲ್ಯೂಶನ್ ಬಾಟಲಿಯ ಮೇಲೆ ಆರ್‌ಜಿಪಿಗೆ ಅಂತ ಬರೆದಿರಲೇಬೇಕು.

ನಲ್ಲಿ ನೀರು ಮಾತ್ರ ಬೇಡವೇ ಬೇಡ. ಲೆನ್ಸಿಗೂ ಬೇಡ, ಡಬ್ಬಿಗೂ ಬೇಡ. ಎಂಜಲಂತೂ ಮುಟ್ಟಿಸಬೇಡಿ. ನೀರಿನಲ್ಲಿ ಅಕಾಂತಮೀಬಾ ಎಂಬ ಜೀವಿ ಇರುತ್ತದೆ. ಅದು ಕಾರ್ನಿಯಾಗೆ ಹತ್ತಿದರೆ ತಿಂಗಳುಗಟ್ಟಲೆ ಔಷಧಿ, ಕೆಲವರ ದೃಷ್ಟಿಯೇ ಹೋಗಿದೆ. ಸ್ನಾನ, ಈಜು, ನಿದ್ದೆ ಎಲ್ಲಕ್ಕೂ ಮುಂಚೆ ತೆಗೆಯಿರಿ. ಡಬ್ಬಿಯ ಹಳೇ ದ್ರವ ದಿನಾ ಚೆಲ್ಲಿ, ಹೊಸ ಸೊಲ್ಯೂಶನ್‌ನಿಂದಲೇ ತೊಳೆದು ಒಣಗಿಸಿ. ಮೂರು ತಿಂಗಳಿಗೊಮ್ಮೆ ಡಬ್ಬಿಯನ್ನೇ ಬದಲಾಯಿಸಿ.

ಧೂಳಿನ ಒಂದು ಕಣ ಲೆನ್ಸಿನಡಿ ಹೋದರೆ ಗಾಜು ಚುಚ್ಚಿದಂತೆ ಆಗುತ್ತದೆ. ಉಜ್ಜಬೇಡಿ. ತೆಗೆದು, ಸಲೈನ್‌ನಲ್ಲಿ ತೊಳೆದು ಮತ್ತೆ ಹಾಕಿ. ಅದಕ್ಕೇ ನನ್ನ ಬ್ಯಾಗಿನಲ್ಲಿ ಸಲೈನ್, ಡಬ್ಬಿ, ಹಳೇ ಕನ್ನಡಕ ಸದಾ ಇರುತ್ತವೆ. ಕಣ್ಣುಜ್ಜುವ ಚಾಳಿ ಕೆರಟೋಕೋನಸನ್ನೂ ಹೆಚ್ಚಿಸಬಹುದು. ತುರಿಕೆ ಜಾಸ್ತಿ ಇದ್ದರೆ ಅದಕ್ಕೆ ಬೇರೆ ಡ್ರಾಪ್ಸ್ ಕೇಳಿ.

ಒಂದು ದಿನ ಲೆನ್ಸ್ ಜಾರಿ ಕಣ್ಣಿನ ಬಿಳಿ ಭಾಗಕ್ಕೆ ಹೋಗುತ್ತದೆ, ಹೆದರಬೇಡಿ. ಕಣ್ಣಿನ ಹಿಂದಕ್ಕೆ ಹೋಗಲು ದಾರಿಯೇ ಇಲ್ಲ. ಕನ್ನಡಿ ಮುಂದೆ ನಿಂತು ಎಲ್ಲಿದೆ ನೋಡಿ, ಎರಡು ಹನಿ ಲೆನ್ಸ್ ಡ್ರಾಪ್ಸ್ ಹಾಕಿ, ರೆಪ್ಪೆಯ ಮೇಲಿಂದಲೇ ಮೆಲ್ಲಗೆ ನಡುವಿಗೆ ತನ್ನಿ. ನನಗೆ ಮೊದಲ ಸಲ ಇಪ್ಪತ್ತು ನಿಮಿಷ ಹಿಡಿಯಿತು, ಕೈ ನಡುಗುತ್ತಿತ್ತು. ಈಗ ಅರ್ಧ ನಿಮಿಷ ಸಾಕು.

ಮೂರು ವಾರ ಕಳೆದ ಮೇಲೂ ಇಷ್ಟೇ ಚುಚ್ಚುತ್ತಿದ್ದರೆ ಫಿಟಿಂಗ್ ಸರಿಯಿಲ್ಲದಿರಬಹುದು. ಅಂಚು, ಬಾಗು ಬದಲಾಯಿಸಿ ಕೊಡಲು ಆಗುತ್ತದೆ, ಸಂಕೋಚ ಬಿಟ್ಟು ಕೇಳಿ. ಬಿಳಿ ಭಾಗದ ಮೇಲೆ ಕೂರುವ ದೊಡ್ಡ ಸ್ಕ್ಲೀರಲ್ ಲೆನ್ಸ್ ಕೂಡ ಇದೆ, ಅದು ಎಷ್ಟೋ ಜನಕ್ಕೆ ಇದಕ್ಕಿಂತ ಹಿತವಾಗಿರುತ್ತದೆ.