ಮೀಸೆಯ ನೊಣವನ್ನು ಹೊಡೆಯಬೇಡಿ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ತೋಟದ ಬೇಲಿಯ ಒಣಕಡ್ಡಿ ಮೇಲೆ ಉದ್ದ ಮೈಯ ಹುಳವೊಂದು ಕೂತಿತ್ತು. ನಮ್ಮ ಪೆಟ್ಟಿಗೆಯ ತುಡುವೆ ಜೇನನ್ನು ಕಾಲಲ್ಲಿ ಅಪ್ಪಿ ಹಿಡಿದಿತ್ತು. ಇದು ಕಣಜವೇ? ಹೊಡೆದು ಹಾಕಲೇ?"

ದಯವಿಟ್ಟು ಹೊಡೆಯಬೇಡಿ. ಅದು ಕಣಜ ಅಲ್ಲ, ನೊಣ. ರೆಕ್ಕೆ ಎಣಿಸಿ ನೋಡಿ. ಕಣಜಕ್ಕೆ ನಾಲ್ಕು, ಇದಕ್ಕೆ ಎರಡೇ. ಇಂಗ್ಲಿಷಿನಲ್ಲಿ ರಾಬರ್ ಫ್ಲೈ ಅನ್ನುತ್ತಾರೆ, ನಾವು ದರೋಡೆ ನೊಣ ಅನ್ನೋಣ. ಜಗತ್ತಿನಲ್ಲಿ 7,000ಕ್ಕೂ ಜಾಸ್ತಿ ಬಗೆಗಳಿವೆ.

ಇದರ ಮುಖ ನೋಡುವಂಥದ್ದು. ಎರಡು ದೊಡ್ಡ ಕಣ್ಣು, ನಡುವೆ ತಲೆ ಮೇಲೆ ಒಂದು ತಗ್ಗು. ಬಾಯಿಯ ಮೇಲೆ ಬಿರುಸು ಕೂದಲಿನ ದಟ್ಟ ಮೀಸೆ. ಹಿಡಿದ ಹುಳ ಒದ್ದಾಡುವಾಗ ಮುಖಕ್ಕೆ ಪೆಟ್ಟಾಗದಂತೆ ಈ ಮೀಸೆ ಕಾಯುತ್ತದೆ. ಕಾಲುಗಳು ಗಟ್ಟಿ, ತುಂಬಾ ಮುಳ್ಳು. ಎದೆ ಗೂನು, ಹೊಟ್ಟೆ ತುದಿಗೆ ಹೋದಂತೆ ಸಣ್ಣದಾಗುತ್ತದೆ.

ಬೇಟೆಯಂತೂ ನಿಂತು ನೋಡಬೇಕು. ಬಿಸಿಲು ಬೀಳುವ ಕಡ್ಡಿಯ ತುದಿಯಲ್ಲಿ ಸುಮ್ನೆ ಕೂತಿರುತ್ತದೆ. ಹುಳ ಹಾರಿತೋ, ತಲೆ ಅತ್ತ ತಿರುಗುತ್ತದೆ. ಆಮೇಲೆ ಚಂಗನೆ ಎದ್ದು ಗಾಳಿಯಲ್ಲೇ ಹಿಡಿದು, ಹೆಚ್ಚಾಗಿ ಅದೇ ಕಡ್ಡಿಗೆ ಮರಳುತ್ತದೆ. ಹುಳ ಈಗ ಇರುವಲ್ಲಿಗಲ್ಲ, ಮುಂದೆ ಬರುವಲ್ಲಿಗೇ ಹಾರುತ್ತದೆ, ಕ್ಯಾಚ್ ಹಿಡಿಯುವ ಫೀಲ್ಡರ್ ಹಾಗೆ. ಅಮೆರಿಕದ ಅಕ್ಕಿಕಾಳಿನಷ್ಟು ಪುಟ್ಟ ಜಾತಿಯೊಂದರ ಬೇಟೆಯನ್ನು ವಿಜ್ಞಾನಿಗಳು ಚಿತ್ರೀಕರಿಸಿ 2017ರಲ್ಲಿ ಬರೆದಿದ್ದಾರೆ. ಬೇಟೆಗೆ ಸುಮಾರು 30 ಸೆಂ.ಮೀ. ಹತ್ತಿರ ಬಂದಾಗ ಅದು ವೇಗ ತಗ್ಗಿಸಿ, ಬೇಟೆಯ ವೇಗಕ್ಕೆ ಹೊಂದಿಕೊಂಡು ಹಿಡಿಯುತ್ತದಂತೆ. ಇಷ್ಟು ಪುಟ್ಟ ತಲೆಯಲ್ಲಿ ಇಷ್ಟೆಲ್ಲ ಲೆಕ್ಕ!

ಹಿಡಿದ ಮೇಲೆ ಗಟ್ಟಿ ಸೊಂಡಿಲನ್ನು ಹುಳದ ಮೈಗೆ ಚುಚ್ಚಿ ಎಂಜಲು ಬಿಡುತ್ತದೆ. ಆ ಎಂಜಲಿಗೆ ಹುಳ ಮರಗಟ್ಟುತ್ತದೆ, ಒಳಗಿನ ಮಾಂಸ ಕರಗುತ್ತದೆ. ಅದನ್ನು ಹೀರಿ, ಖಾಲಿ ಸಿಪ್ಪೆ ಬಿಸಾಡುತ್ತದೆ.

ಜೇನು ಹೋಯಿತಲ್ಲ ಎಂಬ ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಪೆಟ್ಟಿಗೆಯಲ್ಲಿ ಸಾವಿರಾರು ಹುಳ ಇರುತ್ತವೆ. ಈ ನೊಣ ಒಂಟಿ. ಪೆಟ್ಟಿಗೆಗೆ ನುಗ್ಗಿ ದೋಚುವ ದೊಡ್ಡ ಕಣಜದ ಹಾಗಲ್ಲ, ಒಮ್ಮೆಗೆ ಒಂದು ಹುಳ ಹಿಡಿಯುತ್ತದೆ ಅಷ್ಟೇ. ಜೇನೊಂದೇ ಅಲ್ಲ, ನೊಣ, ಮಿಡತೆ, ದುಂಬಿ, ಕೆಲವೊಮ್ಮೆ ಕಣಜವನ್ನೂ ತಿನ್ನುತ್ತದೆ. ಇದರ ಮರಿಹುಳ ಮಣ್ಣಿನಲ್ಲೋ ಕೊಳೆತ ಮರದಲ್ಲೋ ಇದ್ದು, ಬೇರೆ ಹುಳಗಳ ಮೊಟ್ಟೆ-ಮರಿಗಳನ್ನು ಬೇಟೆಯಾಡುತ್ತದೆ. ತೋಟದವರಿಗೆ ಇದು ಬೇಕಾದ ಜೀವ ಅಲ್ವಾ?

ಬರಿಗೈಯಲ್ಲಿ ಮಾತ್ರ ಹಿಡಿಯಬೇಡಿ, ಚುಚ್ಚಿದರೆ ಜೋರು ನೋಯುತ್ತದೆ. ಮತ್ತೆ ಕಂಡರೆ ಫೋಟೋ ತೆಗೆದು ಕಳಿಸಿ. ಮೀಸೆ ಕಾಣುವಂತೆ, ಎದುರಿನಿಂದ.