ಓದುಗರ ಪ್ರಶ್ನೆ: ಜಗತ್ತಿನ ಪೇಟೆ ಕುಸಿಯುತ್ತದೆ ಎನ್ನುವವರ ಮಾತನ್ನು ಹೇಗೆ ಕೇಳಬೇಕು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಆತಂಕದಿಂದ ಹುಟ್ಟಿದವು. ಗೋಕಾಕ, ಬಾಗಲಕೋಟೆ, ತಿಕೋಟಾ, ಬೆಳಗಾವಿಯ ಉದ್ಯಮಬಾಗ ಎಂದು ವಿಳಾಸಗಳು ಬೇರೆಯಾದರೂ ಕೇಳಿರುವುದು ಒಂದೇ: ವಿದೇಶದ ದೊಡ್ಡ ಹೂಡಿಕೆದಾರರು ಮಹಾಕುಸಿತ ಬರುತ್ತದೆ ಎನ್ನುತ್ತಿದ್ದಾರೆ, ನಮ್ಮ ಹಣವನ್ನು ಏನು ಮಾಡೋಣ? ನಾಲ್ಕು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ, ವಯಸ್ಸು 64. ಪಿಂಚಣಿ ಬರುತ್ತದೆ. ನಿವೃತ್ತಿಯಲ್ಲಿ ಬಂದ 18 ಲಕ್ಷ ರೂಪಾಯಿಯಲ್ಲಿ 12 ಲಕ್ಷ ಮುದ್ದತ್ತು ಠೇವಣಿಯಲ್ಲಿದೆ, 6 ಲಕ್ಷ ಮ್ಯೂಚುವಲ್ ಫಂಡ್‌ನಲ್ಲಿದೆ. ದಿನವೂ ಸಂಜೆ ವಿಡಿಯೊಗಳಲ್ಲಿ ಒಬ್ಬ ಹೂಡಿಕೆದಾರ 1929ಕ್ಕಿಂತ ದೊಡ್ಡ ಕುಸಿತ ಬರುತ್ತದೆ ಎನ್ನುತ್ತಾನೆ, ಇನ್ನೊಬ್ಬ ಪೇಟೆ ಇಳಿದಾಗಲೆಲ್ಲ ಕೊಳ್ಳಿರಿ ಎನ್ನುತ್ತಾನೆ. ಯಾರನ್ನು ನಂಬಲಿ? ಫಂಡ್ ಹಣ ಬಿಡಿಸಿಕೊಂಡು ಬಂಗಾರ ಕೊಳ್ಳಲೇ? (ಗೋಕಾಕ)

ಉತ್ತರ: ಗುರುಗಳೇ, ಕುಸಿತದ ಮಾತು ಹೇಳುವವರೆಲ್ಲ ಸುಳ್ಳರು ಎಂದು ನಾನು ಹೇಳಲಾರೆ, ಏಕೆಂದರೆ ಕುಸಿತಗಳು ನಿಜವಾಗಿ ಆಗಿವೆ. ಅಮೆರಿಕದ ಡೌ ಜೋನ್ಸ್ ಸೂಚ್ಯಂಕ 1929ರ ಸೆಪ್ಟೆಂಬರ್‌ನಲ್ಲಿ 381ರಲ್ಲಿದ್ದದ್ದು 1932ರ ಜುಲೈ ಹೊತ್ತಿಗೆ 41ಕ್ಕೆ ಇಳಿಯಿತು, ಹಳೆಯ ಎತ್ತರವನ್ನು ಮತ್ತೆ ಮುಟ್ಟಿದ್ದು 1954ರಲ್ಲಿ. ಜಪಾನಿನ ನಿಕ್ಕಿ ಸೂಚ್ಯಂಕ 1989ರ ಕೊನೆಯಲ್ಲಿ ಏರಿದ್ದ 38,915ರ ಮಟ್ಟವನ್ನು ದಾಟಲು 2024ರ ಫೆಬ್ರುವರಿಯವರೆಗೆ, ಅಂದರೆ 34 ವರ್ಷ, ಕಾಯಬೇಕಾಯಿತು. ನಮ್ಮ ಸೆನ್ಸೆಕ್ಸ್ ಕೂಡ 2008ರ ಜನವರಿಯಲ್ಲಿ 21,000 ದಾಟಿ, ಅದೇ ವರ್ಷದ ಅಕ್ಟೋಬರ್‌ನಲ್ಲಿ 8,000ಕ್ಕಿಂತ ಕೆಳಗೆ ಬಂದಿತ್ತು. ಆದರೆ ಅದು 2010ರ ದೀಪಾವಳಿಗೆ ಮತ್ತೆ 21,000 ಮುಟ್ಟಿತು. ಮೂರೂ ಕುಸಿತಗಳೇ, ಆದರೂ ಚೇತರಿಸಿಕೊಳ್ಳಲು ಒಂದಕ್ಕೆ 25 ವರ್ಷ, ಇನ್ನೊಂದಕ್ಕೆ 34 ವರ್ಷ, ಮತ್ತೊಂದಕ್ಕೆ ಮೂರು ವರ್ಷವೂ ಪೂರ್ತಿ ಹಿಡಿಯಲಿಲ್ಲ. ಮುಂದಿನ ಕುಸಿತ ಇವುಗಳಲ್ಲಿ ಯಾವುದರಂತೆ ಇರುತ್ತದೆ ಎಂಬುದನ್ನು ವಿಡಿಯೊದಲ್ಲಿ ಮಾತಾಡುವ ಯಾರೂ ಹೇಳಲಾರರು.

ಆದ್ದರಿಂದ ಅಭಿಪ್ರಾಯ ಕೇಳುವಾಗ ಎರಡು ಪ್ರಶ್ನೆ ಇಟ್ಟುಕೊಳ್ಳಿರಿ. ಮೊದಲನೆಯದು, ಈತ ತಾರೀಖು ಹೇಳಿದ್ದಾನೆಯೇ? ಅಮೆರಿಕದ ಕೇಂದ್ರೀಯ ಬ್ಯಾಂಕಿನ ಅಧ್ಯಕ್ಷರಾಗಿದ್ದ ಅಲನ್ ಗ್ರೀನ್‌ಸ್ಪ್ಯಾನ್ ಪೇಟೆಯ ಹುರುಪು ವಿವೇಕದ ಮಿತಿ ಮೀರಿರಬಹುದೇ ಎಂಬ ಶಂಕೆಯನ್ನು 1996ರ ಡಿಸೆಂಬರ್‌ನಲ್ಲಿಯೇ ಆಡಿದ್ದರು. ಆ ಶಂಕೆ ಸುಳ್ಳಾಗಲಿಲ್ಲ, ತಂತ್ರಜ್ಞಾನ ಕಂಪನಿಗಳ ನ್ಯಾಸ್ಡಾಕ್ ಸೂಚ್ಯಂಕ ಮುಂದೆ ತನ್ನ ಮೌಲ್ಯದ ಮುಕ್ಕಾಲು ಪಾಲನ್ನು ಕಳೆದುಕೊಂಡಿತು. ಆದರೆ ಆ ಇಳಿತ ಶುರುವಾದದ್ದು 2000ದ ಮಾರ್ಚ್‌ನಲ್ಲಿ. ಅವರ ಮಾತು ಕೇಳಿ ಅಂದೇ ಹೊರಬಂದವನು ಮೂರು ವರ್ಷಕ್ಕೂ ಹೆಚ್ಚು ಕಾಲ ನೆರೆಯವರ ಲಾಭವನ್ನು ನೋಡುತ್ತ ಕೂರಬೇಕಿತ್ತು, ಅಷ್ಟು ತಾಳ್ಮೆ ಬಹಳ ಜನರಿಗೆ ಇರುವುದಿಲ್ಲ. ಇತ್ತೀಚಿನ ಉದಾಹರಣೆಯೂ ಇದೆ. ಅಮೆರಿಕ ಸರ್ಕಾರದ 2 ವರ್ಷದ ಸಾಲಪತ್ರದ ಇಳುವರಿ, ಅಂದರೆ ಅದು ಕೊಡುವ ವಾರ್ಷಿಕ ಆದಾಯದ ದರ, 10 ವರ್ಷದ್ದಕ್ಕಿಂತ ಮೇಲೇರಿದರೆ ಆರ್ಥಿಕ ಹಿಂಜರಿತ ಹತ್ತಿರವಿದೆ ಎಂದು ಅನುಭವಿಗಳು ನಂಬುತ್ತಾರೆ. 2022ರ ಜುಲೈಯಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಸ್ಥಿತಿ ಇತ್ತು, ಆದರೂ 2023 ಮತ್ತು 2024ರಲ್ಲಿ ಅಮೆರಿಕದ ಆರ್ಥಿಕತೆ ಬೆಳೆಯಿತು. ಷೇರುಪೇಟೆ ಕಳೆದ ಐದು ಹಿಂಜರಿತಗಳಲ್ಲಿ ಒಂಬತ್ತನ್ನು ಮುಂಗಂಡಿದೆ ಎಂದು ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮ್ಯುಯೆಲ್ಸನ್ 1966ರಲ್ಲಿ ವ್ಯಂಗ್ಯವಾಗಿ ಬರೆದಿದ್ದರು. ಇಲ್ಲದ ನಾಲ್ಕು ಹಿಂಜರಿತಗಳಿಗೂ ಹೆದರಿ ಮಾರಿಕೊಂಡವರು ಇದ್ದೇ ಇರುತ್ತಾರಲ್ಲ, ನನಗೆ ಮರುಕ ಹುಟ್ಟುವುದು ಅವರ ಬಗ್ಗೆ.

ಎರಡನೆಯ ಪ್ರಶ್ನೆ, ಹೇಳುವವನ ಸ್ವಂತ ಹಣ ಎಲ್ಲಿದೆ? ಅಮೆರಿಕದ ಹೆಸರಾಂತ ಹೂಡಿಕೆದಾರ ವಾರನ್ ಬಫೆಟ್ ಅವರ ಕಂಪನಿ 2024ರ ಕೊನೆಗೆ 30,000 ಕೋಟಿ ಡಾಲರ್‌ಗೂ ಹೆಚ್ಚು ಹಣವನ್ನು ನಗದು ಮತ್ತು ಅಲ್ಪಾವಧಿ ಸರ್ಕಾರಿ ಸಾಲಪತ್ರಗಳಲ್ಲಿ ಇಟ್ಟುಕೊಂಡಿತ್ತು. ಇದನ್ನೇ ಹಿಡಿದು ಬಫೆಟ್ ಕುಸಿತ ಕಂಡಿದ್ದಾರೆ ಎಂದು ಎಷ್ಟೋ ವಿಡಿಯೊಗಳು ಬಂದವು. ಆದರೆ ಅದೇ ಕಂಪನಿಯ ಬಳಿ ಆಪಲ್, ಅಮೆರಿಕನ್ ಎಕ್ಸ್‌ಪ್ರೆಸ್, ಕೋಕಾ ಕೋಲಾ ಕಂಪನಿಗಳ ಷೇರುಗಳು ರಾಶಿಗಟ್ಟಲೆ ಉಳಿದಿದ್ದವು ಎಂಬುದನ್ನು ಹೇಳಿದವರು ಕಡಿಮೆ. ಬಂಗಾರದ ನಾಣ್ಯ ಮಾರುವವನು ಕಾಗದದ ಹಣ ಬೆಂಕಿಗೆ ಬೀಳುತ್ತದೆ ಎನ್ನುವುದು, ಫಂಡ್ ಮಾರುವವನು ಎಂದೂ ಭಯಪಡಬೇಡಿ ಎನ್ನುವುದು ಅವರವರ ವ್ಯಾಪಾರಕ್ಕೆ ಸಹಜವಾದ ಮಾತು.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಪೇಟೆ ಅರ್ಧಕ್ಕೆ ಇಳಿಯಿತು ಎಂದುಕೊಳ್ಳಿರಿ. ನಿಮ್ಮ 6 ಲಕ್ಷ 3 ಲಕ್ಷವಾಗುತ್ತದೆ, ಒಟ್ಟು ಗಂಟು 18ರಿಂದ 15 ಲಕ್ಷಕ್ಕೆ ಇಳಿಯುತ್ತದೆ, ಪಿಂಚಣಿಯಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಆ 6 ಲಕ್ಷ ಇನ್ನು ಏಳೆಂಟು ವರ್ಷ ಬೇಡ ಎಂದಾದರೆ ಅದನ್ನು ಅಲ್ಲಿಯೇ ಬಿಡಬಹುದು. ಮಗಳ ಮದುವೆಗೋ ಮನೆಯ ಸ್ಲ್ಯಾಬಿಗೋ ಎರಡು ವರ್ಷದಲ್ಲಿ ಬೇಕು ಎಂದಾದರೆ ಈ ತಿಂಗಳೇ ಬಿಡಿಸಿಕೊಳ್ಳಿರಿ. ಕುಸಿತ ಬಂದರೂ ಬಾರದಿದ್ದರೂ ಅಂಥ ಹಣ ಷೇರಿನಲ್ಲಿ ಇರಬಾರದು. ಭಯಕ್ಕೆ ಬಿಡಿಸಿಕೊಂಡರೆ ಮತ್ತೆ ಯಾವಾಗ ತೊಡಗಿಸುವುದು ಎಂಬ ಇನ್ನರ್ಧ ನಿರ್ಧಾರ ಉಳಿದೇ ಇರುತ್ತದೆ. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,900 ಅಂಶಗಳಿಗೂ ಹೆಚ್ಚು ಬಿದ್ದು 26,000ಕ್ಕಿಂತ ಕೆಳಗೆ ನಿಂತಾಗ ಮಾರಿದವರು ನನಗೆ ಗೊತ್ತು. ನವೆಂಬರ್‌ನಲ್ಲಿ ಪೇಟೆ ಹಳೆಯ ಎತ್ತರ ದಾಟಿದಾಗಲೂ ಅವರು ಇನ್ನೊಮ್ಮೆ ಇಳಿಯಲಿ ಎಂದು ಕಾಯುತ್ತಲೇ ಇದ್ದರು.

ಬಂಗಾರದ ಬಗ್ಗೆ ಒಂದೇ ಮಾತು. 1980ರ ಜನವರಿಯಲ್ಲಿ ಔನ್ಸಿಗೆ 850 ಡಾಲರ್ ತಲುಪಿದ್ದ ಬಂಗಾರ ಆ ಬೆಲೆಯನ್ನು ಮತ್ತೆ ದಾಟಿದ್ದು 2008ರಲ್ಲಿ. ರೂಪಾಯಿಯ ಬೆಲೆ ಇಳಿಯುತ್ತ ಬಂದುದರಿಂದ ನಮ್ಮವರಿಗೆ ಆ ಪೆಟ್ಟು ಅಷ್ಟಾಗಿ ತಟ್ಟಲಿಲ್ಲ, ಅಷ್ಟೇ. ಹತ್ತರಲ್ಲಿ ಒಂದು ಪಾಲು ಬಂಗಾರ ಇರಲಿ, ಎಲ್ಲವನ್ನೂ ಅದಕ್ಕೇ ಸುರಿಯಬೇಡಿರಿ.

ಪ್ರಶ್ನೆ: ನಮ್ಮ ಊರು ಕೃಷ್ಣಾ ಹಿನ್ನೀರಿನ ಮುಳುಗಡೆಗೆ ಹೋಗುತ್ತದೆ. ಹೊಲದ ಪರಿಹಾರ ಬರುವುದಿದೆ. ಜಗತ್ತಿನ ಪೇಟೆ ಮುಳುಗಿದರೆ ಬ್ಯಾಂಕುಗಳೂ ಮುಳುಗುತ್ತವೆ ಎಂದು ಮಗ ಹೇಳುತ್ತಾನೆ. ಸಂಬಂಧಿಕರೊಬ್ಬರು ತಮ್ಮ ಸೊಸೈಟಿಯಲ್ಲಿ ಶೇ 12 ಬಡ್ಡಿ ಕೊಡುತ್ತೇವೆ, ಅಲ್ಲಿಡಿರಿ ಎನ್ನುತ್ತಾರೆ. ನನಗೆ ಓದು ಬರಹ ಅಷ್ಟಕ್ಕಷ್ಟೆ, ಮಗಳ ಕೈಯಿಂದ ಬರೆಸಿದ್ದೇನೆ. (ಬಾಗಲಕೋಟೆ ಜಿಲ್ಲೆ)

ಉತ್ತರ: ತಾಯಿ, ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ. 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಎಂಬ ದೊಡ್ಡ ಹೂಡಿಕೆ ಬ್ಯಾಂಕು ದಿವಾಳಿಯಾಗಿ ಜಗತ್ತೇ ನಡುಗಿದಾಗಲೂ ಅದರಿಂದಾಗಿ ನಮ್ಮ ದೇಶದ ವಾಣಿಜ್ಯ ಬ್ಯಾಂಕುಗಳಲ್ಲಿ ಠೇವಣಿ ಇಟ್ಟವರು ಹಣ ಕಳೆದುಕೊಳ್ಳಲಿಲ್ಲ. ನಿಮ್ಮ ಹಣಕ್ಕೆ ಇರುವ ಅಪಾಯ ಅಮೆರಿಕದಿಂದ ಬರುವುದಕ್ಕಿಂತ ಮೊದಲು ಆ ಶೇ 12ರ ಬಡ್ಡಿಯಿಂದ ಬರಬಹುದು.

ನನ್ನ ದೊಡ್ಡಮ್ಮ ಹೀಗೆಯೇ ಒಂದು ಪತ್ತಿನ ಸಂಘದಲ್ಲಿ ಠೇವಣಿ ಇಟ್ಟಿದ್ದಳು. ರಸೀದಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಮದುವೆಯ ಇಳಕಲ್ ಸೀರೆಯ ಮಡಿಕೆಯಲ್ಲಿಟ್ಟು, ಟ್ರಂಕಿಗೆ ಬೀಗ ಹಾಕುತ್ತಿದ್ದಳು. ಮೂರು ವರ್ಷ ಬಡ್ಡಿ ತಪ್ಪದೆ ಬಂತು. ನಾಲ್ಕನೆಯ ವರ್ಷ ಸಂಘದ ಬಾಗಿಲಿಗೆ ಹೋದಾಗ ಕಿಟಕಿಯ ಬಳಿ ನಲವತ್ತು ಜನ ಇದೇ ಬಣ್ಣದ ರಸೀದಿ ಹಿಡಿದು ನಿಂತಿದ್ದರು. ಆ ವರ್ಷ ಜಗತ್ತಿನ ಯಾವ ಪೇಟೆಯೂ ಕುಸಿದಿರಲಿಲ್ಲ. ಸಾಲಗಳನ್ನು ಆಡಳಿತ ಮಂಡಳಿಯವರು ತಮ್ಮವರಿಗೇ ಕೊಟ್ಟುಕೊಂಡಿದ್ದರು, ಅಷ್ಟೇ ಕಾರಣ. ನಮ್ಮ ಭಾಗದಲ್ಲಿ ಪ್ರಾಮಾಣಿಕವಾಗಿ ನಡೆಯುವ ಸಂಘಗಳು ಬೇಕಾದಷ್ಟಿವೆ, ಅವುಗಳಿಂದ ಬದುಕು ಕಟ್ಟಿಕೊಂಡವರೂ ಇದ್ದಾರೆ. ಆದರೆ ಪತ್ತಿನ ಸಹಕಾರಿ ಸಂಘ ಮತ್ತು ಸೌಹಾರ್ದ ಸಹಕಾರಿಗಳ ಠೇವಣಿಗೆ ಠೇವಣಿ ವಿಮಾ ನಿಗಮದ ರಕ್ಷಣೆ ಇಲ್ಲ. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ಜಿಲ್ಲಾ ಕೇಂದ್ರ ಮತ್ತು ಪಟ್ಟಣ ಸಹಕಾರಿ ಬ್ಯಾಂಕುಗಳಿಗೆ ಆ ರಕ್ಷಣೆ ಇದೆ. 2020ರ ಫೆಬ್ರುವರಿ 4ರಿಂದ ಅದರ ಮಿತಿ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿ. ಒಂದೇ ಬ್ಯಾಂಕಿನ ಎಲ್ಲ ಶಾಖೆಗಳ ಅಸಲು ಬಡ್ಡಿ ಸೇರಿ ಈ 5 ಲಕ್ಷ ಎಂಬುದನ್ನು ಮಗಳು ನಿಮಗೆ ಇನ್ನೊಮ್ಮೆ ಓದಿ ಹೇಳಲಿ.

ಪರಿಹಾರ ಬಂದ ದಿನ ಮನೆಗೆ ಬರುವವರು ಬಹಳ ಜನ. ಆರು ತಿಂಗಳು ಯಾರಿಗೂ ಮಾತು ಕೊಡಬೇಡಿರಿ. ಹಣ ಸರ್ಕಾರಿ ಬ್ಯಾಂಕುಗಳಲ್ಲಿ ಹಂಚಿಕೊಂಡು ಇರಲಿ. ತಿಂಗಳ ಖರ್ಚಿಗೆ ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಒಬ್ಬರ ಹೆಸರಿನಲ್ಲಿ 9 ಲಕ್ಷ, ಜಂಟಿಯಾಗಿ 15 ಲಕ್ಷದವರೆಗೆ ಇಡಬಹುದು. ನಿಮಗೆ 60 ತುಂಬಿದ್ದರೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಅವಕಾಶವಿದೆ, ಬಡ್ಡಿ ಮೂರು ತಿಂಗಳಿಗೊಮ್ಮೆ ಖಾತೆಗೆ ಬರುತ್ತದೆ. ಇವೆರಡರ ಹಿಂದೆಯೂ ಕೇಂದ್ರ ಸರ್ಕಾರ ಇದೆ. ಹೊಲ ಹೋದವರು ಮತ್ತೆ ಹೊಲ ಕೊಳ್ಳಬೇಕು ಎನ್ನುವ ಆಸೆ ನ್ಯಾಯವಾದದ್ದು. ಅದಕ್ಕೆ ಬೇಕಾದ ಮೊತ್ತವನ್ನು ಮೊದಲೇ ಬೇರೆ ಮಾಡಿ, ಬೇಕಾದಾಗ ತೆಗೆಯುವಂತೆ ಕಡಿಮೆ ಮುದ್ದತ್ತಿಗೆ ಇಡಿರಿ. ಮಗನಿಗೆ ಷೇರಿನ ಆಸಕ್ತಿ ಇದ್ದರೆ ತನ್ನ ದುಡಿಮೆಯ ಹಣದಲ್ಲಿ ಕಲಿಯಲಿ.

ಪ್ರಶ್ನೆ: ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ, ವಯಸ್ಸು 27. ಕುಸಿತ ಬರುವುದು ಖಚಿತ ಎಂದು ನನಗೆ ಅನಿಸುತ್ತದೆ. ಪುಟ್ ಆಪ್ಷನ್ ಕೊಂಡು ಕುಸಿತದಲ್ಲಿಯೇ ಹಣ ಮಾಡಬಹುದಲ್ಲವೇ? (ಬೆಳಗಾವಿ)

ಉತ್ತರ: ಪುಟ್ ಆಪ್ಷನ್ ಎಂದರೆ ಗೊತ್ತಾದ ಬೆಲೆಗೆ ಮಾರುವ ಹಕ್ಕು, ಪೇಟೆ ಇಳಿದರೆ ಅದರ ಬೆಲೆ ಏರುತ್ತದೆ. ಅದರಿಂದ ಹಣ ಮಾಡಬಹುದು, ಆದರೆ ದಿಕ್ಕು ಸರಿಯಾದರೆ ಸಾಲದು, ವೇಳೆಯೂ ಸರಿಯಾಗಬೇಕು. ಆಪ್ಷನ್‌ಗೆ ಮುಗಿಯುವ ದಿನ ಇರುತ್ತದೆ, ಅಲ್ಲಿಯವರೆಗೆ ಅದರ ಬೆಲೆ ದಿನದಿನಕ್ಕೆ ಕರಗುತ್ತದೆ. ಇಂದು ಮುಗಿಯುವ ಆಪ್ಷನ್ ಇಟ್ಟುಕೊಂಡವನಿಗೆ ನಾಳೆ ಬರುವ ಕುಸಿತದಿಂದ ಏನೂ ಸಿಗುವುದಿಲ್ಲ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರ ಮಾಡಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಜನ ನಷ್ಟ ಅನುಭವಿಸಿದ್ದಾರೆ, ಎಲ್ಲರ ನಷ್ಟ ಸೇರಿ 1.8 ಲಕ್ಷ ಕೋಟಿ ರೂಪಾಯಿ ಮೀರಿದೆ ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2024ರಲ್ಲಿ ಪ್ರಕಟಿಸಿತು.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ, ದಯವಿಟ್ಟು ಗಮನಿಸಿರಿ. ನೀವು ಷೇರು ಮುಟ್ಟದಿದ್ದರೂ ನಿಮ್ಮ ಸಂಬಳವೇ ಜಗತ್ತಿನ ಪೇಟೆಗೆ ಕಟ್ಟಿಕೊಂಡಿದೆ. ವಾಹನ, ಟ್ರ್ಯಾಕ್ಟರ್, ಪಂಪು, ವಾಲ್ವುಗಳಿಗೆ ಬೇಡಿಕೆ ಇದ್ದರೆ ಮಾತ್ರ ಎರಕ ಹೊಯ್ಯುತ್ತಾರೆ. 2009ರ ಜನವರಿಯಲ್ಲಿ ಪರಿಚಯದವರ ಫೌಂಡ್ರಿಗೆ ಹೋಗಿದ್ದೆ. ಕುಲುಮೆ ವಾರದಲ್ಲಿ ಎರಡೇ ದಿನ ಉರಿಯುತ್ತಿತ್ತು. ಅಂಗಳದಲ್ಲಿ ಒಯ್ಯುವವರಿಲ್ಲದ ಎರಕದ ಬಿಡಿಭಾಗಗಳಿಗೆ ಕೆಂಪಗೆ ಜಂಗು ಹಿಡಿದಿತ್ತು, ಮೂರನೇ ಪಾಳಿಯ ಹುಡುಗರು ಊರಿಗೆ ಮರಳಿದ್ದರು. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಬಹಳಷ್ಟು ಸರಕುಗಳ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿದಾಗ ರಫ್ತು ಮಾಡುವ ಕಾರ್ಖಾನೆಗಳಲ್ಲಿ ಎಂಥ ಚಿಂತೆ ಇತ್ತು ಎಂಬುದನ್ನು ನೀವೇ ಕಂಡಿರಬೇಕು. ಕುಸಿತ ಬಂದರೆ ಷೇರು ಇಳಿಯುವ ಹೊತ್ತಿಗೇ ನಿಮ್ಮ ಓವರ್‌ಟೈಮೂ ನಿಲ್ಲುತ್ತದೆ, ಕೆಲಸಕ್ಕೂ ಕುತ್ತು ಬರಬಹುದು. ಅದಕ್ಕೆ ಸರಿಯಾದ ರಕ್ಷಣೆ ಪುಟ್ ಆಪ್ಷನ್ ಅಲ್ಲ, ಎಂಟು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿರುವುದು. ಮೋಟರ್‌ಸೈಕಲ್ ಮತ್ತು ಮೊಬೈಲ್ ಕಂತು ಮೊದಲು ತೀರಿಸಿರಿ. ಆ ಮೇಲೆ ಸೆನ್ಸೆಕ್ಸ್‌ನಂಥ ಸೂಚ್ಯಂಕದ ಕಂಪನಿಗಳಲ್ಲೇ ಹಣ ತೊಡಗಿಸುವ ಸೂಚ್ಯಂಕ ಫಂಡ್‌ನಲ್ಲಿ ತಿಂಗಳಿಗೆ ಇಷ್ಟು ಎಂದು ಎಸ್‌ಐಪಿ ಆರಂಭಿಸಿರಿ. 27ರ ವಯಸ್ಸಿನವರಿಗೆ ಬೆಲೆ ಇಳಿದ ವರ್ಷಗಳು ಕೊಳ್ಳುವ ವರ್ಷಗಳು.

ಪ್ರಶ್ನೆ: ಕೋಲ್ಡ್ ಸ್ಟೋರೇಜಿನಲ್ಲಿ 4 ಟನ್ ಒಣದ್ರಾಕ್ಷಿ ಇದೆ. ಜಗತ್ತಿನ ಆರ್ಥಿಕತೆ ಕುಸಿಯುವ ಮೊದಲೇ ಮಾರಿಬಿಡಲೇ? (ತಿಕೋಟಾ, ವಿಜಯಪುರ ಜಿಲ್ಲೆ)

ಉತ್ತರ: ನಿಮ್ಮ ಮಾಲಿನ ದರವನ್ನು ನ್ಯೂಯಾರ್ಕಿನ ಪೇಟೆಗಿಂತ ಹೆಚ್ಚಾಗಿ ತೀರ್ಮಾನಿಸುವುದು ಈ ವರ್ಷದ ಬೆಳೆ, ಕೋಲ್ಡ್ ಸ್ಟೋರೇಜುಗಳಲ್ಲಿ ಉಳಿದ ದಾಸ್ತಾನು, ಹೊರದೇಶದಿಂದ ಬರುವ ಒಣದ್ರಾಕ್ಷಿ ಮತ್ತು ದಸರೆ ದೀಪಾವಳಿಯ ಬೇಡಿಕೆ. ವಿಜಯಪುರ ಮತ್ತು ಮಹಾರಾಷ್ಟ್ರದ ತಾಸಗಾಂವ ಎರಡೂ ಕಡೆಯ ಸವಾಲಿನ (ಹರಾಜಿನ) ದರ ವಾರವಾರ ಬರೆದಿಟ್ಟುಕೊಳ್ಳಿರಿ. ಮಾಲಿನ ಮೇಲೆ ಸಾಲ ಎತ್ತಿದ್ದರೆ ಅದರ ಬಡ್ಡಿ, ಸ್ಟೋರೇಜಿನ ಬಾಡಿಗೆ ಎರಡನ್ನೂ ಕೂಡಿಸಿ, ಕಿಲೋಕ್ಕೆ ತಿಂಗಳಿಗೆ ಎಷ್ಟು ಬೀಳುತ್ತದೆ ಎಂದು ನೋಡಿರಿ. ದರ ಅದಕ್ಕಿಂತ ವೇಗವಾಗಿ ಏರದಿದ್ದರೆ ಸಾಲ ತೀರುವಷ್ಟು ಮಾಲನ್ನು ಮುಂದಿನ ಸವಾಲಿಗೇ ಹಾಕಿ, ಉಳಿದದ್ದನ್ನು ಹಬ್ಬದವರೆಗೆ ಇಟ್ಟುಕೊಳ್ಳಿರಿ.